ಎಡಗಡೆಯ ಪರದೆ

ತೋಟದಲ್ಲಿ ರೈಟರ್ ಎಂದರೆ ಬರಹಗಾರನಲ್ಲ,
ಚೆಕ್‌ರೋಲಿನಲ್ಲಿ ಆಳುಗಳ ಹಾಜರಿ ಗೀಚುವವ.
ಬೆಳ್ಯಪ್ಪಜ್ಜ ಅಂಥ ರೈಟರ್,
ಪಾಲಿಬೆಟ್ಟದಾಚೆ ಹ್ಯಾಲಂ ದೊರೆಯ ತೋಟದಲ್ಲಿ.
ಅಕ್ಷರ ದುಂಡಗೆ, ಗಂಟಲು ಸಣ್ಣಗೆ;
ಅಷ್ಟು ಸಾಕಾಯಿತು
ಕ್ಲಬ್ಬಿನ ಕ್ರಿಸ್‌ಮಸ್ ನಾಟಕಕ್ಕೆ ಮಾತು ಎತ್ತಿಕೊಡಲು.

ಒಳಹೋಗಲು ಅಡುಗೆಮನೆಯ ಬಾಗಿಲು.
ನಿಲ್ಲಲು ಎಡಗಡೆಯ ಪರದೆಯ ಹಿಂದೆ
ಬಿಲಿಯರ್ಡ್ಸ್ ಕೋಲುಗಳ ಪಕ್ಕ ಒಂದೂವರೆ ಅಡಿ ಜಾಗ,
ಒಂದು ಲಾಟೀನು.
ಅಲ್ಲಿಂದ ಅವನಿಗೆ ಕಂಡದ್ದು
ದೊರೆಮಗಳು ವಿನಿಫ್ರೆಡ್‌ಳ ಎಡಗಿವಿ ಮಾತ್ರ:
ಹದಿನಾಲ್ಕರ ಕಿವಿ, ಸೊಳ್ಳೆ ಕಚ್ಚಿ ಕೆಂಪಗೆ.
ಕಿರೀಟ ಕಾಣಲಿಲ್ಲ. ಅವಳು ರಾಣಿಯೋ ದಾಸಿಯೋ
ಎಂಬುದೂ ಅವನಿಗೆ ಕೊನೆಗೆ ನೆನಪಿರಲಿಲ್ಲ.

ನೆನಪಿದ್ದದ್ದು ಮೂರನೆಯ ಅಂಕದ ಒಂದು ಮಾತು,
ಅವಳು ದಿನವೂ ಮರೆಯುತ್ತಿದ್ದದ್ದು:
ಬಾಗಿಲು ತೆರೆದಿರಲಿ, ಯಾರಾದರೂ ಬರಬಹುದು.
ಮರೆತಾಗ ಅವಳು ಬೆದರುತ್ತಿರಲಿಲ್ಲವಂತೆ.
ಸುಮ್ಮನೆ ನಿಂತು, ತಲೆ ಒಂದಿಷ್ಟು ಎಡಕ್ಕೆ ವಾಲಿಸಿ
ಕಾಯುತ್ತಿದ್ದಳಂತೆ.
ಅಜ್ಜ ಇಂಗ್ಲಿಷಿನಲ್ಲಿ ಉಸುರುತ್ತಿದ್ದ, ಕೊಡವ ನಾಲಿಗೆಯ ಇಂಗ್ಲಿಷಿನಲ್ಲಿ;
ಅವಳು ಅದನ್ನು ಹಾಗೇ ಎತ್ತಿಕೊಂಡು
ವಿಸ್ಕಿಯ ಮೇಜುಗಳತ್ತ ಎಸೆಯುತ್ತಿದ್ದಳು.
ಆ ಡೋರ್‌ನ ಕೊನೆಯ ರಕಾರ ನನ್ನದು ಎಂಬುದು
ಸಾಯುವವರೆಗೂ ಅಜ್ಜನ ವಾದ.

ಆಮೇಲೆ ಹಡಗು. ಲಂಡನ್ನು. ನಾಟಕದ ಶಾಲೆ.
ಹಲ್ಲುಗಳ ನಡುವೆ ಬೂಚು ಕಚ್ಚಿಸಿ
ರಕಾರ ಬಿಡಿಸಿದರಂತೆ.
ತಂಗಾಳಿಯ ಊರುಗಳಲ್ಲಿ ವಾರಕ್ಕೊಂದು ನಾಟಕ,
ಒಲೆಯಿಲ್ಲದ ಬಾಡಿಗೆ ಕೋಣೆ,
ಯುದ್ಧದಲ್ಲಿ ಲಾರಿಯ ಮೇಲೆ ಸಿಪಾಯಿಗಳೆದುರು,
ಕೊನೆಗೊಂದು ದೊಡ್ಡ ರಂಗದಲ್ಲಿ ವಿಧವೆಯಾಗಿ ಮುನ್ನೂರ ಹನ್ನೊಂದು ರಾತ್ರಿ.
ಮಿಸ್ ಹ್ಯಾಲಂ ಅವರ ಮೌನಗಳನ್ನು ನೋಡಲೆಂದೇ ಹೋಗಿ
ಎಂದು ಪತ್ರಿಕೆ ಬರೆಯಿತು.
ಮಗಳ ಸುದ್ದಿಯ ತುಣುಕುಗಳನ್ನೆಲ್ಲ
ತೋಟ ಮಾರಿ ಹೋಗುವಾಗ ದೊರೆ ಕಸದ ಬುಟ್ಟಿಗೆ ಹಾಕಿದ.
ಅಜ್ಜ ಹೆಕ್ಕಿ ತಂದ.
ಆ ಸಾಲಿನ ಕೆಳಗೆ ನೀಲಿ ಶಾಯಿಯಲ್ಲಿ ಗೆರೆ ಎಳೆದು
ಪಕ್ಕದಲ್ಲಿ ಬರೆದ: ಮೌನವಲ್ಲ. ಕಾಯುತ್ತಿದ್ದಾಳೆ.

ಸಿನಿಮಾದಲ್ಲಿ ಅವಳು ನರ್ಸು,
ರೈಲಿನಲ್ಲಿ ಎದುರು ಕೂತವಳು,
ಒಮ್ಮೆ ಹೆಣ.
ವಿರಾಜಪೇಟೆಯ ಟಾಕೀಸಿಗೆ ಬಂದದ್ದು ಒಂದೇ ಚಿತ್ರ,
ಅದರಲ್ಲಿ ನಾಲ್ಕು ನಿಮಿಷದ ಮನೆಯೊಡತಿ.
ಅಜ್ಜ ಮದುವೆಗೆ ಹೊರಟವನಂತೆ ಕುಪ್ಯ ತೊಟ್ಟು ಚೇಲೆ ಬಿಗಿದ.
ಬಸ್ಸಿನಲ್ಲಿ ಅವನ ಕೈ ಹಿಡಿದು ನಾನು, ಎಂಟರವಳು,
ದಾರಿಯುದ್ದಕ್ಕೂ ಕಾಫಿ ಹೂವಿನ ವಾಸನೆಗೆ ತಲೆ ತಿರುಗಿ
ಗೋಣಿಕೊಪ್ಪದಲ್ಲಿ ವಾಂತಿ ಮಾಡಿದೆ.

ಬಂದಳು.
ನರೆತ ಕೂದಲು, ಕೈಯಲ್ಲಿ ಟೀ ತಟ್ಟೆ.
ಯಾರೋ ಏನೋ ಕೇಳಿದರು.
ಅವಳು ಉತ್ತರಿಸಲಿಲ್ಲ; ತಲೆ ಒಂದಿಷ್ಟು ಎಡಕ್ಕೆ ವಾಲಿತು.
ಬೆಂಚಿನಿಂದ ಅಜ್ಜ ಎದ್ದು ನಿಂತ,
ಬಾಯಿಗೆ ಕೈ ಅಡ್ಡ ಹಿಡಿದು
ಆ ಹಳೆಯ ಮಾತನ್ನು ಎತ್ತಿಕೊಟ್ಟ.
ಹಿಂದಿನವರು ನಕ್ಕರು. ಕೂರಜ್ಜ ಅಂದರು.
ತೆರೆಯ ಮೇಲೆ ಅವಳು
ಟೀ ಆರಿಹೋಗಿದೆ ಎಂದು ಹೇಳಿ
ಹೊರಟುಹೋದಳು.

ಹೊರಗೆ ಬಂದು ಅಜ್ಜ ನನಗೆ ಕಿತ್ತಳೆ ಸುಲಿದು ಕೊಟ್ಟ.
ಬೇರೆ ನಾಟಕ ಅದು, ಅಂದ. ನನ್ನದೇ ತಪ್ಪು.

ಹೋದ ವರ್ಷ ಪೆಟ್ಟಿಗೆ ತೆಗೆದರೆ
ಕೆಲಸ ಬಿಟ್ಟ ಮೇಲೂ ಅವನು ತುಂಬುತ್ತಿದ್ದ ಚೆಕ್‌ರೋಲು.
ಸತ್ತ ಆಳುಗಳ ಹೆಸರು, ಎದುರಿಗೆ ಖಾಲಿ ಮನೆಗಳು.
ಮಾರ್ಚ್ ಹದಿನಾರರ ಕೆಳಗೆ, ದುಂಡಗೆ:
ವಿನಿಫ್ರೆಡ್ ಹ್ಯಾಲಂ. ಅರ್ಧ ದಿನ.
ಕೂಲಿ ಬಾಕಿ.